ಪದ ಪರಿಚಯ: ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್

ಕಚೇರಿಯ ಇನ್ನೂರು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಪೆನ್‌ಡ್ರೈವ್ ಬಳಕೆಯನ್ನು ತಡೆಯಬೇಕೆಂದರೆ ಒಂದೊಂದರ ಮುಂದೆಯೂ ಕುಳಿತು ಸೆಟ್ಟಿಂಗ್ ಬದಲಿಸಬೇಕಾಗಿಲ್ಲ. ನೆಟ್‌ವರ್ಕ್ ನೋಡಿಕೊಳ್ಳುವವರು ಡೊಮೇನ್‌ನ (ಒಂದೇ ಆಡಳಿತದಡಿ ಸೇರಿಸಿದ ಕಂಪ್ಯೂಟರ್‌ಗಳ ಗುಂಪು) ಗ್ರೂಪ್ ಪಾಲಿಸಿಯಲ್ಲಿ, ಅಂದರೆ ಆ ಗುಂಪಿಗೆ ಅನ್ವಯಿಸುವ ನಿಯಮಗಳ ಕಟ್ಟಿನಲ್ಲಿ, ಒಮ್ಮೆ ನಿಯಮ ಬರೆದರೆ ಸಾಕು, ಸಾಮಾನ್ಯವಾಗಿ 90ರಿಂದ 120 ನಿಮಿಷಗಳೊಳಗೆ ಚಾಲನೆಯಲ್ಲಿರುವ ಕಂಪ್ಯೂಟರ್‌ಗಳು ತಾವಾಗಿಯೇ ಅದನ್ನು ಪಡೆದುಕೊಳ್ಳುತ್ತವೆ. ಆ ನಿಯಮವನ್ನು ಬರೆಯುವ ಪರದೆಯಲ್ಲಿ, ಅಂದರೆ ಎಡಿಟರಿನಲ್ಲಿ, 'ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್' ಎಂಬ ವಿಭಾಗವಿದೆ.

ಟೆಂಪ್ಲೇಟನ್ನೇ ನಿಯಮವೆಂದು ತಿಳಿಯುವುದು ಹೊಸಬರಲ್ಲಿ ಸಾಮಾನ್ಯ. ವಾಸ್ತವದಲ್ಲಿ ಅದು ಸರ್ಕಾರಿ ಕಚೇರಿಯ ಖಾಲಿ ಅರ್ಜಿ ನಮೂನೆಯಂಥದ್ದು: ಯಾವ ಸೆಟ್ಟಿಂಗ್‌ಗಳಿವೆ, ಪ್ರತಿಯೊಂದಕ್ಕೂ ಯಾವ ಮೌಲ್ಯಗಳನ್ನು ಕೊಡಬಹುದು, ಕೊಟ್ಟದ್ದು ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ದಾಖಲೆ) ಯಾವ ಜಾಗದಲ್ಲಿ ದಾಖಲಾಗಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ನಾವು ತುಂಬಿದ ಉತ್ತರ ಉಳಿಯುವುದು 'ರಿಜಿಸ್ಟ್ರಿ.ಪೋಲ್' ಎಂಬ ಬೇರೆಯೇ ಕಡತದಲ್ಲಿ. ಕಂಪ್ಯೂಟರ್‌ಗಳು ಓದುವುದೂ ಅದನ್ನೇ.

ವಿಂಡೋಸ್ ವಿಸ್ಟಾಕ್ಕೆ ಮೊದಲು ಈ ನಮೂನೆಗಳು 'ಎಡಿಎಂ' ಕಡತಗಳಾಗಿದ್ದವು, ಮತ್ತು ಪ್ರತಿ ಪಾಲಿಸಿಯೊಳಗೂ ಅವುಗಳ ಪ್ರತಿ ಸೇರುತ್ತಿತ್ತು. ಒಂದೊಂದು ಪಾಲಿಸಿಗೆ ಸುಮಾರು 4 ಎಂಬಿಯಂತೆ, ನೂರು ಪಾಲಿಸಿಗಳಿದ್ದ ಸಂಸ್ಥೆಯಲ್ಲಿ 400 ಎಂಬಿಯಷ್ಟು ಖಾಲಿ ನಮೂನೆಗಳೇ ಡೊಮೇನನ್ನು ನಿಭಾಯಿಸುವ ಸರ್ವರ್‌ಗಳಾದ ಎಲ್ಲ ಡೊಮೇನ್ ಕಂಟ್ರೋಲರ್‌ಗಳಲ್ಲೂ ನಕಲಾಗಿ ಕುಳಿತಿರುತ್ತಿದ್ದವು. ವಿಸ್ಟಾದೊಂದಿಗೆ ಬಂದ 'ಎಡಿಎಂಎಕ್ಸ್' ಪಾಲಿಸಿಯೊಳಗೆ ಪ್ರತಿಯಾಗಿ ಸೇರದೆ ಈ ಹೊರೆಯನ್ನು ಇಳಿಸಿತು. ಎಕ್ಸ್‌ಎಂಎಲ್ ಎಂಬ ಪಠ್ಯರೂಪದಲ್ಲಿ ಬರೆದ ಈ ಕಡತದಲ್ಲಿ ಸೆಟ್ಟಿಂಗ್‌ನ ರಚನೆ ಮಾತ್ರ ಇರುತ್ತದೆ. ಪರದೆಯ ಮೇಲೆ ಕಾಣುವ ಹೆಸರು ಮತ್ತು ವಿವರಣೆ ಭಾಷೆಗೊಂದರಂತೆ ಇರುವ 'ಎಡಿಎಂಎಲ್' ಕಡತದಲ್ಲಿರುತ್ತವೆ. ಎರಡನ್ನೂ ಜೊತೆಯಾಗಿಯೇ ನಕಲಿಸಬೇಕು. ಎಡಿಎಂಎಲ್ ಬಿಟ್ಟುಹೋದರೆ ಎಡಿಟರ್ ದೋಷ ತೋರಿಸುತ್ತದೆ.

ಎಲ್ಲ ಡೊಮೇನ್ ಕಂಟ್ರೋಲರ್‌ಗಳಿಗೂ ನಕಲಾಗುವ, ಡೊಮೇನ್‌ನ 'ಸಿಸ್‌ವಾಲ್' ಫೋಲ್ಡರ್‌ನಲ್ಲಿ, 'ಪಾಲಿಸೀಸ್' ಒಳಗೆ, 'ಪಾಲಿಸಿಡೆಫಿನಿಷನ್ಸ್' (PolicyDefinitions) ಎಂಬ ಫೋಲ್ಡರನ್ನು ನಾವೇ ರಚಿಸಿ ನಮೂನೆಗಳನ್ನು ಅಲ್ಲಿಟ್ಟರೆ ಅದು 'ಸೆಂಟ್ರಲ್ ಸ್ಟೋರ್' ಆಗುತ್ತದೆ. ಅದು ಇದೆಯೆಂದಾದರೆ ಎಡಿಟರ್ ತನ್ನ ಕಂಪ್ಯೂಟರಿನಲ್ಲಿರುವ ನಮೂನೆಗಳನ್ನು ನೋಡುವುದೇ ಇಲ್ಲ. ಹಲವು ಕೈಗಳು ಪಾಲಿಸಿ ತಿದ್ದುವ ಕಚೇರಿಯಲ್ಲಿ ಎಲ್ಲರಿಗೂ ಒಂದೇ ನಮೂನೆ ಕಾಣುವುದರಿಂದ, ಇದನ್ನು ಮಾಡದೆ ಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಆದರೆ ಅಲ್ಲಿರುವ ಕಡತಗಳನ್ನು ಹೊಸ ಆವೃತ್ತಿಗಳಿಗೆ ತಕ್ಕಂತೆ ಬದಲಿಸುತ್ತಿರಬೇಕು. ಬದಲಿಸುವ ಮುನ್ನ ಹಳೆಯ ಫೋಲ್ಡರಿನ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು.

ನಮೂನೆ ತುಂಬುವಾಗ ಓದುವಿಕೆಯಲ್ಲಿ ಎಚ್ಚರ ಬೇಕು. ಸೆಟ್ಟಿಂಗ್‌ನ ಹೆಸರೇ 'ಟರ್ನ್ ಆಫ್' ಎಂದು ಆರಂಭವಾಗಿದ್ದರೆ 'ಎನೇಬಲ್ಡ್' ಆಯ್ಕೆಯಿಂದ ಆ ಸೌಲಭ್ಯ ನಿಂತುಹೋಗುತ್ತದೆ. 'ಡಿಸೇಬಲ್ಡ್' ಕೂಡ ಒಂದು ಸ್ಪಷ್ಟ ಆದೇಶವೇ. ಈ ಪಾಲಿಸಿ ಆ ವಿಷಯದಲ್ಲಿ ಏನನ್ನೂ ಹೇಳಬಾರದೆಂದರೆ ಆರಿಸಬೇಕಾದದ್ದು 'ನಾಟ್ ಕಾನ್ಫಿಗರ್ಡ್'.

ಬೇಡವಾದ ನಿಯಮವನ್ನು ತೆಗೆಯಲು ಟೆಂಪ್ಲೇಟ್ ಅಳಿಸುವವರೂ ಇದ್ದಾರೆ. ನಮೂನೆ ಹೋದರೂ ತುಂಬಿದ ಉತ್ತರ ಉಳಿದಿರುವುದರಿಂದ ನಿಯಮ ಎಂದಿನಂತೆಯೇ ಜಾರಿಯಾಗುತ್ತದೆ. ಪಾಲಿಸಿಯ ಸೆಟ್ಟಿಂಗ್‌ಗಳ ವರದಿಯಲ್ಲಿ ಅದು 'ಎಕ್ಸ್‌ಟ್ರಾ ರಿಜಿಸ್ಟ್ರಿ ಸೆಟ್ಟಿಂಗ್ಸ್' ಎಂಬ ತಲೆಬರಹದಡಿ ಕಾಣುತ್ತದೆ, ಎಡಿಟರಿನಲ್ಲಿ ತಿದ್ದಲು ಮಾತ್ರ ಸಿಗುವುದಿಲ್ಲ. ಆದ್ದರಿಂದ ಮೊದಲು ಸೆಟ್ಟಿಂಗನ್ನು 'ನಾಟ್ ಕಾನ್ಫಿಗರ್ಡ್'ಗೆ ತರಬೇಕು, ಟೆಂಪ್ಲೇಟ್ ಅಳಿಸುವುದು ಆಮೇಲೆ.