ಚೆನ್ನಾಗಿರುವ ಗೇಮ್ ಯಾಕೆ ಓಡುವುದಿಲ್ಲ?

ಜಪಾನಿನ ಕ್ಯಾಪ್ಕಾಮ್ ಕಂಪನಿ 2006ರಲ್ಲಿ ‘ಒಕಾಮಿ’ ಎಂಬ ವಿಡಿಯೋ ಗೇಮ್ ಹೊರತಂದಿತು. ಬಿಳಿ ತೋಳದ ರೂಪದಲ್ಲಿ ಬಂದ ಸೂರ್ಯದೇವತೆ ಅದರ ನಾಯಕಿ. ಆಡುವವರ ಕೈಗೆ ಒಂದು ಕುಂಚ ಸಿಗುತ್ತದೆ. ಆಕಾಶದಲ್ಲಿ ವೃತ್ತ ಬರೆದರೆ ಸೂರ್ಯ ಹುಟ್ಟುತ್ತಾನೆ. ಒಣಗಿದ ಮರದ ಸುತ್ತ ಗೆರೆ ಎಳೆದರೆ ಹೂ ಬಿಡುತ್ತದೆ. ಇಡೀ ಗೇಮ್ ಹಳೆಯ ಶಾಯಿ ಚಿತ್ರದ ಹಾಗೆ ಕಾಣುತ್ತದೆ. ವಿಮರ್ಶಕರು ಕೊಂಡಾಡಿದರು, ಐಜಿಎನ್ ಎಂಬ ಗೇಮ್ ಸುದ್ದಿಯ ಜಾಲತಾಣ ಅದನ್ನು ವರ್ಷದ ಗೇಮ್ ಎಂದು ಆರಿಸಿತು. ಆದರೆ ಅದನ್ನು ಮಾಡಿದ ಕ್ಲೋವರ್ ಸ್ಟುಡಿಯೊವನ್ನು ಮುಚ್ಚುವುದಾಗಿ ಕ್ಯಾಪ್ಕಾಮ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಹೇಳಿಬಿಟ್ಟಿತು. ಅಮೆರಿಕದ ಅಂಗಡಿಗಳಿಗೆ ಗೇಮ್ ಬಂದು ಆಗಿನ್ನೂ ಒಂದು ತಿಂಗಳು ಕೂಡ ಆಗಿರಲಿಲ್ಲ. ವರ್ಷದ ಗೇಮ್ ಪ್ರಶಸ್ತಿ ಗೆದ್ದವುಗಳಲ್ಲಿ ಅತಿ ಕಡಿಮೆ ಮಾರಾಟವಾದದ್ದು ಎಂದು ಆಮೇಲೆ ಗಿನ್ನೆಸ್ ದಾಖಲೆಯಲ್ಲೂ ಅದರ ಹೆಸರು ಸೇರಿತು.

ಈ ಮಾತು ನಾನು ಪುಣೆಯಲ್ಲಿ ಕೂತು ಬರೆಯುವುದಕ್ಕೆ ಕಾರಣ ಇದೆ. ಇಲ್ಲಿ ಗೇಮ್ ಮಾಡುವ ಸ್ಟುಡಿಯೊಗಳಿವೆ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕಡೆಯಿಂದ ಬಂದ ನಮ್ಮ ಹುಡುಗ ಹುಡುಗಿಯರು ಅಲ್ಲಿ ಚಿತ್ರ ಬರೆಯುತ್ತಾರೆ, ಕೋಡ್ ಬರೆಯುತ್ತಾರೆ. ಅಂಥವರಲ್ಲಿ ಒಬ್ಬ ಇಲ್ಲಿನ ಕೋಥ್ರೂಡ್‌ನಲ್ಲಿದ್ದಾನೆ, ಹುಬ್ಬಳ್ಳಿಯವನು. ಗೆಳೆಯರ ಜೊತೆ ಸೇರಿ ಸ್ವಂತದ ಒಂದು ಪುಟ್ಟ ಗೇಮ್ ಮಾಡಿದ್ದಾನೆ. “ಅಣ್ಣಾ, ಆಡಿದವ್ರೆಲ್ಲಾ ಚಲೋ ಐತಿ ಅಂತಾರ. ಆದ್ರ ಕೊಳ್ಳಾವ್ರ ಇಲ್ಲ. ನಮ್ಮದ ಏನರ ತಪ್ಪಾಗೇತೇನು?” ಎಂದು ಕೇಳಿದ. ಮಾರಾಟ ಆಗಲಿಲ್ಲ ಎಂದ ಕೂಡಲೇ ಮಾಡಿದವರು ತಮ್ಮ ಕೆಲಸವನ್ನೇ ಅನುಮಾನಿಸುತ್ತಾರೆ. ಹೊರಗಿನವರೂ ಹಾಗೇ ತೀರ್ಪು ಕೊಡುತ್ತಾರೆ, ಅಲ್ವಾ? ಸಮಾಜ ವಿಜ್ಞಾನದಲ್ಲಿ ಈ ತೀರ್ಪನ್ನು ಪರೀಕ್ಷೆಗೆ ಒಡ್ಡಿದ ಪ್ರಯೋಗಗಳಿವೆ. ಅವು ಹೇಳುವುದೇ ಬೇರೆ.

ಮೊದಲು ಕೊಳ್ಳುವವರ ಕಷ್ಟ ನೋಡೋಣ. ಪುಣೆಯ ಮಂಡಈ ಮಾರುಕಟ್ಟೆಯಲ್ಲಿ ಬದನೆಕಾಯಿ ಕೊಳ್ಳುವಾಗ ತಿರುಗಿಸಿ ನೋಡುತ್ತೇವೆ, ತೂತಿದ್ದರೆ ಬಿಡುತ್ತೇವೆ. ಗೇಮ್ ಹಾಗಲ್ಲ. ಅದು ಹೇಗಿದೆ ಎಂದು ಆಡಿದ ಮೇಲೆಯೇ ಗೊತ್ತಾಗುವುದು. ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1970ರಲ್ಲಿ ಸರಕುಗಳನ್ನು ಹೀಗೆಯೇ ಎರಡು ಬಗೆ ಮಾಡಿದರು. ಕೊಳ್ಳುವ ಮೊದಲೇ ಪರೀಕ್ಷಿಸಬಹುದಾದವು ಒಂದು ಬಗೆ. ಬಳಸಿದ ಮೇಲಷ್ಟೇ ಗುಣ ತಿಳಿಯುವವು ಇನ್ನೊಂದು. ಎರಡನೆಯ ಬಗೆಯ ಸರಕನ್ನು ಕೊಳ್ಳುವಾಗ ಜನ ಗುಣವನ್ನು ನೋಡುವುದಿಲ್ಲ, ನೋಡಲು ಆಗುವುದೂ ಇಲ್ಲ. ಗುಣದ ಸುಳಿವುಗಳನ್ನು ನೋಡುತ್ತಾರೆ. ಪರಿಚಿತ ಹೆಸರು, ಗೆದ್ದ ಗೇಮ್‌ನ ಎರಡನೇ ಭಾಗ, ದೊಡ್ಡ ಕಂಪನಿ, ಎಷ್ಟು ಜನ ಆಡುತ್ತಿದ್ದಾರೆ ಎಂಬ ಲೆಕ್ಕ.

ಟ್ರೇಲರ್ ಇದೆಯಲ್ಲ ಎನ್ನಬಹುದು. ಟ್ರೇಲರ್ ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದಾಗ ಪಾತ್ರ ಎಷ್ಟು ಹಗುರವಾಗಿ ನೆಗೆಯುತ್ತದೆ, ಸೋತಾಗ ಇನ್ನೊಮ್ಮೆ ಆಡಬೇಕು ಅನಿಸುತ್ತದೆಯೇ, ಇದನ್ನು ಯಾವ ಟ್ರೇಲರೂ ಹೇಳಲಾರದು. ಗೇಮ್ ಮಾಡುವವರ ಬಹುಪಾಲು ಬೆವರು ಸುರಿಯುವುದು ಅಲ್ಲಿಯೇ. ಅಂದರೆ ಹೆಚ್ಚು ಶ್ರಮ ಬೀಳುವ ಜಾಗವೇ ಕೊಳ್ಳುವವರಿಗೆ ಕಾಣುವುದಿಲ್ಲ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿ, ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೊಡುತ್ತದೆ. ಒಳ್ಳೆಯ ನಿಯಮ. ಆದರೆ ನಿಧಾನವಾಗಿ ಅರಳುವ ಗೇಮ್‌ಗೆ ಎರಡು ಗಂಟೆ ಸಾಲುವುದಿಲ್ಲ.

ಇನ್ನು ಅಂಗಡಿಯ ಗಾತ್ರ. 2024ರ ಒಂದೇ ವರ್ಷದಲ್ಲಿ ಸ್ಟೀಮ್‌ಗೆ 18,000ಕ್ಕೂ ಜಾಸ್ತಿ ಹೊಸ ಗೇಮ್‌ಗಳು ಬಂದವು. ದಿನಕ್ಕೆ ಸುಮಾರು 50. ಇಷ್ಟನ್ನೂ ತೂಗಿ ನೋಡುವ ಮನುಷ್ಯ ಎಲ್ಲೂ ಇಲ್ಲ. ಹಾಗಾಗಿ ನಾವು ಬೇರೆಯವರನ್ನು ನೋಡುತ್ತೇವೆ. ಬೇರೆಯವರು ನಮ್ಮನ್ನು ನೋಡುತ್ತಾರೆ. ಇಲ್ಲಿಂದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಹೇಗೆ ಎಂದು ತೋರಿಸಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಮೂವರು: ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್. ಅವರ ಪ್ರಯೋಗ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಸರೇ ಕೇಳದ ತಂಡಗಳ 48 ಹಾಡುಗಳನ್ನು ಒಂದು ಜಾಲತಾಣದಲ್ಲಿ ಇಟ್ಟರು. 14,341 ಜನ ಬಂದರು. ಹಾಡು ಕೇಳಬಹುದು, ಅಂಕ ಕೊಡಬಹುದು, ಇಷ್ಟವಾದರೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಒಂದು ಗುಂಪಿಗೆ ಹಾಡು ಮತ್ತು ತಂಡದ ಹೆಸರು ಮಾತ್ರ ಕಾಣುತ್ತಿತ್ತು. ಈ ಗುಂಪಿನ ಆಯ್ಕೆಯನ್ನು ಹಾಡಿನ ನಿಜವಾದ ಗುಣಕ್ಕೆ ಅಳತೆಗೋಲು ಎಂದು ಇಟ್ಟುಕೊಂಡರು. ಉಳಿದವರನ್ನು ಎಂಟು ಬೇರೆ ಬೇರೆ ಲೋಕಗಳಿಗೆ ಹಂಚಿದರು. ಅಲ್ಲಿ ಪ್ರತಿ ಹಾಡಿನ ಪಕ್ಕ ಆ ಲೋಕದವರು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆ ಎಂಬ ಸಂಖ್ಯೆ ಕಾಣುತ್ತಿತ್ತು. ಎಂಟೂ ಲೋಕಗಳು ಶುರುವಾದದ್ದು ಸೊನ್ನೆಯಿಂದ. ಅದೇ ಹಾಡುಗಳು, ಅದೇ ಬಗೆಯ ಜನ.

ಗುಣವೊಂದೇ ಗೆಲುವನ್ನು ನಿರ್ಧರಿಸುವುದಾದರೆ ಎಂಟೂ ಕಡೆ ಒಂದೇ ಪಟ್ಟಿ ಬರಬೇಕು. ಬರಲಿಲ್ಲ. ಅಳತೆಗೋಲಿನ ಗುಂಪಿನಲ್ಲಿ 26ನೇ ಸ್ಥಾನದಲ್ಲಿದ್ದ ಒಂದು ಹಾಡು ಒಂದು ಲೋಕದಲ್ಲಿ ಮೊದಲನೆಯದಾಯಿತು, ಇನ್ನೊಂದರಲ್ಲಿ 40ನೆಯದಾಯಿತು. ಗೆದ್ದ ಹಾಡುಗಳ ಗೆಲುವು ತೀರಾ ದೊಡ್ಡದಾಯಿತು, ಸೋತವು ಇನ್ನಷ್ಟು ಕೆಳಗೆ ಹೋದವು. ಹಾಗಂತ ಎಲ್ಲವೂ ಸುಮ್ನೆ ಅದೃಷ್ಟ ಅಲ್ಲ. ಅತಿ ಒಳ್ಳೆಯ ಹಾಡುಗಳು ತೀರಾ ಕೆಳಗೆ ಬಿದ್ದದ್ದು ಅಪರೂಪ. ಅತಿ ಕೆಟ್ಟವು ಮೇಲೇರಿದ್ದೂ ಅಪರೂಪ. ನಡುವಿನವಕ್ಕೆ ಮಾತ್ರ ಏನು ಬೇಕಾದರೂ ಆಗಬಹುದಿತ್ತು. ನಮ್ಮ ಹೆಚ್ಚಿನ ಒಳ್ಳೆಯ ಗೇಮ್‌ಗಳು ಇರುವುದು ಆ ನಡುವಿನ ದೊಡ್ಡ ಬಯಲಿನಲ್ಲೇ.

ಇದರ ಮುಂದುವರಿಕೆ 2008ರಲ್ಲಿ ಬಂತು. ನನಗೆ ಅದು ಇನ್ನೂ ಮುಖ್ಯ. ಸಾಲ್ಗನಿಕ್ ಮತ್ತು ವಾಟ್ಸ್ ಈ ಸಲ ಬೇಕಂತಲೇ ಪಟ್ಟಿಯನ್ನು ತಿರುಗಿಸಿಟ್ಟರು. ಜನರಿಗೆ ಕಡಿಮೆ ಇಷ್ಟವಾದ ಹಾಡಿಗೆ ಹೆಚ್ಚಿನ ಸಂಖ್ಯೆ ತೋರಿಸಿದರು. ಎಷ್ಟೋ ಹಾಡುಗಳ ಮಟ್ಟಿಗೆ ಆ ಸುಳ್ಳೇ ನಿಜವಾಯಿತು. ಅತ್ಯುತ್ತಮವಾದ ಕೆಲವು ಹಾಡುಗಳು ಮಾತ್ರ ನಿಧಾನವಾಗಿ ಮೇಲೆ ಬಂದವು. ಇನ್ನೊಂದು ಸಂಗತಿ ಕಂಡಿತು: ಒಟ್ಟು ಡೌನ್‌ಲೋಡ್ ಕಡಿಮೆಯಾಯಿತು. ತಪ್ಪು ಸುಳಿವು ಸಿಕ್ಕ ಜನ ಬೇರೆ ಒಳ್ಳೆಯದನ್ನು ಹುಡುಕುತ್ತಾ ಕೂರಲಿಲ್ಲ, ಎದ್ದು ಹೋದರು. ಒಳ್ಳೆಯ ಗೇಮ್ ಕಣ್ಣಿಗೆ ಬೀಳದೆ ಹೋದಾಗ ನಷ್ಟ ಅದನ್ನು ಮಾಡಿದವರಿಗೆ ಮಾತ್ರ ಅಲ್ಲ, ಆಡುವವರಿಗೂ ಆಗುತ್ತದೆ.

ಹಾಗಾದರೆ ಮೊದಲ ದಿನಗಳ ಸಣ್ಣ ವ್ಯತ್ಯಾಸ ಅಷ್ಟು ದೊಡ್ಡದಾಗುವುದು ಹೇಗೆ? ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. ಅವರು ಹೇಳಿದ್ದು ಗಲಭೆಯ ಬಗ್ಗೆ. ನಾನು ಅದನ್ನೇ ಗೇಮ್‌ಗೆ ಹೊಂದಿಸುತ್ತೇನೆ. ನೂರು ಜನ ಇದ್ದಾರೆ ಎಂದುಕೊಳ್ಳಿ. ಒಬ್ಬನಿಗೆ ಯಾರೂ ಆಡದಿದ್ದರೂ ಪರವಾಗಿಲ್ಲ, ಹೊಸದು ಬಂದರೆ ಆಡಿ ನೋಡುತ್ತಾನೆ. ಅವನ ಮಿತಿ ಸೊನ್ನೆ. ಇನ್ನೊಬ್ಬಳು ಒಬ್ಬರಾದರೂ ಆಡುತ್ತಿದ್ದರೆ ಸೇರುತ್ತಾಳೆ. ಅವಳ ಮಿತಿ ಒಂದು. ಮೂರನೆಯವರಿಗೆ ಇಬ್ಬರು ಬೇಕು, ನಾಲ್ಕನೆಯವರಿಗೆ ಮೂವರು. ಹೀಗೆ 99ರವರೆಗೆ. ಮೊದಲನೆಯವನು ಶುರು ಮಾಡಿದರೆ ಎರಡನೆಯವಳು ಬರುತ್ತಾಳೆ, ಅವಳನ್ನು ನೋಡಿ ಮೂರನೆಯವರು, ಕೊನೆಗೆ ನೂರೂ ಜನ. ಈಗ ಆ ಗುಂಪಿನಲ್ಲಿ ಒಂದೇ ಒಂದು ಬದಲಾವಣೆ ಮಾಡಿ. ಮಿತಿ ಒಂದು ಇದ್ದವಳನ್ನು ತೆಗೆದು ಮಿತಿ ಎರಡು ಇರುವವರನ್ನು ಸೇರಿಸಿ. ಮೊದಲನೆಯವನು ಆಡುತ್ತಾನೆ. ಉಳಿದವರೆಲ್ಲರೂ ಕನಿಷ್ಠ ಇಬ್ಬರಿಗಾಗಿ ಕಾಯುತ್ತಾರೆ. ಅಲ್ಲಿಗೆ ಮುಗಿಯಿತು. ಒಂದು ಕಡೆ ನೂರು, ಇನ್ನೊಂದು ಕಡೆ ಒಂದು. ಗೇಮ್ ಅದೇ, ಜನರೂ ಹೆಚ್ಚುಕಡಿಮೆ ಅವರೇ. ಮಾರಾಟದ ಸಂಖ್ಯೆ ನೋಡಿ ಗುಣವನ್ನೋ ಜನರ ಅಭಿರುಚಿಯನ್ನೋ ಅಳೆಯಲು ಹೊರಟರೆ ಎರಡೂ ತಪ್ಪುತ್ತವೆ.

‘ಅಮಾಂಗ್ ಅಸ್’ ಎಲ್ಲರಿಗೂ ಗೊತ್ತು. ಲಾಕ್‌ಡೌನ್ ಹೊತ್ತಿನಲ್ಲಿ ಮನೆಮನೆಯಲ್ಲೂ ಮಕ್ಕಳು ಯಾರು ಕಳ್ಳ ಎಂದು ಕೂಗಾಡುತ್ತಿದ್ದದ್ದು ಅದೇ ಆಟ. ಇನ್ನರ್‌ಸ್ಲಾತ್ ಎಂಬ ಪುಟ್ಟ ತಂಡ ಅದನ್ನು ಬಿಡುಗಡೆ ಮಾಡಿದ್ದು 2018ರಲ್ಲಿ. ಎರಡು ವರ್ಷ ಹೆಚ್ಚೇನೂ ಆಗಲಿಲ್ಲ. ಸ್ವಲ್ಪ ಜನ ಬಿಡದೆ ಆಡುತ್ತಿದ್ದರು, ತಂಡವೂ ಬಿಡದೆ ತಿದ್ದುತ್ತಿತ್ತು. 2020ರಲ್ಲಿ ತಾವು ಆಡುವುದನ್ನು ಆನ್‌ಲೈನ್‌ನಲ್ಲಿ ಲೈವ್ ಆಗಿ ತೋರಿಸುವ ಜನಪ್ರಿಯ ಸ್ಟ್ರೀಮರ್‌ಗಳು ಅದನ್ನು ಆಡಿದರು, ಆಮೇಲೆ ಜಗತ್ತೇ ಆಡಿತು. ಎರಡನೇ ಭಾಗ ಮಾಡುತ್ತೇವೆ ಎಂದು ಆಗಸ್ಟ್‌ನಲ್ಲಿ ಹೇಳಿದ್ದ ತಂಡ, ಮೊದಲ ಭಾಗ ಇಷ್ಟು ಓಡುವುದು ಕಂಡು ಸೆಪ್ಟೆಂಬರ್‌ನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಆಟದ ತಿರುಳು 2018ರಲ್ಲಿ ಇದ್ದದ್ದೇ. ಎರಡು ವರ್ಷ ಕಾಯುವ ಶಕ್ತಿ ಆ ತಂಡಕ್ಕೆ ಇಲ್ಲದಿದ್ದರೆ ಅದೂ ಸೋತ ಗೇಮ್‌ಗಳ ಲೆಕ್ಕಕ್ಕೆ ಸೇರುತ್ತಿತ್ತು.

ಹಲವರು ಸೇರಿ ಆಡುವ ಗೇಮ್‌ಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಅಲ್ಲಿ ಬೇರೆ ಆಟಗಾರರೇ ಗೇಮ್‌ನ ಒಂದು ಭಾಗ. ಎದುರಾಳಿ ಸಿಗದಿದ್ದರೆ ಆಟವೇ ಇಲ್ಲ. ‘ಲಾಬ್ರೇಕರ್ಸ್’ ಎಂಬ ಅಂಥ ಒಂದು ಗುಂಡಿನ ಕಾಳಗದ ಗೇಮ್ 2017ರ ಆಗಸ್ಟ್‌ನಲ್ಲಿ ಬಂತು. ಆ ಹೊತ್ತಿಗೆ ಎಲ್ಲರ ಬಾಯಲ್ಲೂ ಪಬ್‌ಜಿ. ಆಡಲು ಬಂದವರು ಎದುರಾಳಿಗಾಗಿ ಕಾದರು, ಬೇಸತ್ತು ಹೋದರು. ಅವರು ಹೋದದ್ದರಿಂದ ಉಳಿದವರ ಕಾಯುವಿಕೆ ಇನ್ನೂ ಉದ್ದವಾಯಿತು. ಮರುವರ್ಷ ಸರ್ವರ್ ಬಂದ್ ಆಯಿತು.

ಬಿಡುಗಡೆಯ ದಿನ ಆರಿಸುವುದೂ ಹಾಗೇ. 2016ರಲ್ಲಿ ‘ಟೈಟನ್‌ಫಾಲ್ 2’ ಎಂಬ ಗುಂಡಿನ ಕಾಳಗದ ಗೇಮ್ ಅಕ್ಟೋಬರ್ 28ಕ್ಕೆ ಬಂತು. ಒಂದು ವಾರ ಮೊದಲು ‘ಬ್ಯಾಟಲ್‌ಫೀಲ್ಡ್ 1’, ಒಂದು ವಾರದ ನಂತರ ಹೊಸ ‘ಕಾಲ್ ಆಫ್ ಡ್ಯೂಟಿ’. ಅವೆರಡೂ ಅದೇ ಬಗೆಯ ದೊಡ್ಡ ಗೇಮ್‌ಗಳು. ‘ಬ್ಯಾಟಲ್‌ಫೀಲ್ಡ್’ ಅನ್ನು ಹೊರತಂದದ್ದು ಟೈಟನ್‌ಫಾಲ್‌ನ ಪಬ್ಲಿಷರ್, ಅಂದರೆ ಅದನ್ನು ಮಾರುಕಟ್ಟೆಗೆ ತಂದ ಇಎ ಕಂಪನಿಯೇ! ವಿಮರ್ಶೆ ಚೆನ್ನಾಗಿತ್ತು, ಮಾರಾಟ ಕಂಪನಿ ಎಣಿಸಿದಷ್ಟು ಆಗಲಿಲ್ಲ. ಆ ಗೇಮ್ ಮಾಡಿದ ತಂಡವೇ 2019ರಲ್ಲಿ, ಮೊದಲೇ ಏನೂ ಪ್ರಚಾರ ಮಾಡದೆ, ‘ಏಪೆಕ್ಸ್ ಲೆಜೆಂಡ್ಸ್’ ಅನ್ನು ಉಚಿತವಾಗಿ ಬಿಟ್ಟಿತು. ಒಂದೇ ವಾರದಲ್ಲಿ ಎರಡೂವರೆ ಕೋಟಿ ಜನ ಬಂದರು.

ನಮ್ಮ ಊರಿನ ಉದಾಹರಣೆಯೂ ಇದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ ‘ರಾಜಿ’ಯಲ್ಲಿ ಒಬ್ಬ ಹುಡುಗಿ ತಮ್ಮನನ್ನು ಹುಡುಕಿಕೊಂಡು ಅಸುರರ ನಡುವೆ ಹೋಗುತ್ತಾಳೆ. ಕಥೆಯ ಭಾಗಗಳು ನಮ್ಮ ತೊಗಲುಗೊಂಬೆ ಆಟದ ಹಾಗೆ ನೆರಳಿನಲ್ಲಿ ನಡೆಯುತ್ತವೆ. 2017ರಲ್ಲಿ ತಂಡ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೇಳಿತು, ಗುರಿ ಮುಟ್ಟಲಿಲ್ಲ. ಆದರೂ ಬಿಡಲಿಲ್ಲ. 2020ರ ಆಗಸ್ಟ್ 18ರಂದು ಜಪಾನಿನ ಗೇಮ್ ಕಂಪನಿ ನಿಂಟೆಂಡೊ ತನ್ನ ಪುಟ್ಟ ಗೇಮ್‌ಗಳ ವಿಡಿಯೋ ಕಾರ್ಯಕ್ರಮದಲ್ಲಿ ‘ರಾಜಿ’ಯನ್ನು ತೋರಿಸಿ ಅದೇ ದಿನ ಮಾರಾಟಕ್ಕೆ ಇಟ್ಟಿತು. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ಮೊದಲ ಗೇಮ್ ಮಾಡಿದವರ ವಿಭಾಗಕ್ಕೆ ಅದು ನಾಮನಿರ್ದೇಶನವಾಯಿತು. ಬರೀ ಕಿಕ್‌ಸ್ಟಾರ್ಟರ್ ಅಂಕಿ ನೋಡಿ ತೀರ್ಮಾನ ಮಾಡಿದ್ದರೆ ಈ ಗೇಮ್ ಇರುತ್ತಲೇ ಇರಲಿಲ್ಲ.

ಇದನ್ನೆಲ್ಲ ಓದಿ ಗೇಮ್ ಮಾಡುವವರು ಕೈಕಟ್ಟಿ ಕೂರಬೇಕಿಲ್ಲ. ಕೊಳ್ಳುವವರ ಅನುಮಾನ ಕಡಿಮೆ ಮಾಡುವ ಯಾವುದೇ ಕೆಲಸ ಉಪಯೋಗಕ್ಕೆ ಬರುತ್ತದೆ. ಉಚಿತ ಡೆಮೊ ಕೊಟ್ಟರೆ ಕೈಗೆ ಸಿಗುವ ಅನುಭವ ಮೊದಲೇ ಸಿಗುತ್ತದೆ. ಬಿಡುಗಡೆಗೆ ಮುಂಚೆ ತಿಂಗಳುಗಟ್ಟಲೆ ವಿಶ್‌ಲಿಸ್ಟ್, ಅಂದರೆ ಬಂದ ಮೇಲೆ ಕೊಳ್ಳೋಣ ಎಂದು ಗುರುತು ಹಾಕಿಟ್ಟವರ ಪಟ್ಟಿ, ಬೆಳೆಸಿದರೆ ಮೊದಲ ದಿನ ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಇದು ಎಂಥ ಗೇಮ್ ಎಂದು ಒಂದೇ ವಾಕ್ಯದಲ್ಲಿ ಹೇಳಲು ಬಂದರೆ ಆಡಿದವರು ಇನ್ನೊಬ್ಬರಿಗೆ ಹೇಳುತ್ತಾರೆ. ಕೋಥ್ರೂಡ್‌ನ ಹುಡುಗನಿಗೂ ಇದನ್ನೇ ಹೇಳಿದೆ.

ನನ್ನ ತಕರಾರು ಇರುವುದು ಹಣ ಹಾಕುವವರ ಆತುರದ ಜೊತೆ. ‘ಸೈಕೋನಾಟ್ಸ್’ 2005ರಲ್ಲಿ ಬಂದಾಗ ಆ ವರ್ಷ ಅಮೆರಿಕದಲ್ಲಿ ಒಂದು ಲಕ್ಷ ಪ್ರತಿಯೂ ಹೋಗಲಿಲ್ಲ. ಅದರ ಪಬ್ಲಿಷರ್ ದೊಡ್ಡ ಗೇಮ್‌ಗಳ ಸಹವಾಸವನ್ನೇ ಬಿಟ್ಟಿತು. ಮುಂದೆ ಹಕ್ಕು ಅದನ್ನು ಮಾಡಿದ ಡಬಲ್ ಫೈನ್ ತಂಡದ ಕೈಗೇ ಬಂತು. ಆನ್‌ಲೈನ್‌ನಲ್ಲಿ ಮಾರುತ್ತಾ ಹತ್ತು ಲಕ್ಷ ದಾಟಿತು, 2021ರಲ್ಲಿ ಎರಡನೇ ಭಾಗವೂ ಬಂತು. ಮೊದಲ ವಾರದ ಸಂಖ್ಯೆಯಲ್ಲಿ ಗದ್ದಲವೇ ಹೆಚ್ಚು, ಮಾಹಿತಿ ಕಡಿಮೆ. ಅಷ್ಟನ್ನೇ ನಂಬಿ ತಂಡ ಒಡೆದರೆ, ವರ್ಷಗಟ್ಟಲೆ ಒಟ್ಟಿಗೆ ದುಡಿದು ಕಲಿತ ಕೈಗಳು ಚದುರಿಹೋಗುತ್ತವೆ. ಅವನ್ನು ಮತ್ತೆ ಕೂಡಿಸುವುದು ಸುಲಭವಲ್ಲ.

ಆಡುವ ನಮಗೂ ಇಲ್ಲಿ ಒಂದು ಕೆಲಸ ಇದೆ. ಸ್ಟೀಮ್‌ನಲ್ಲಿ ಕನಿಷ್ಠ 10 ರಿವ್ಯೂ ಬರುವ ತನಕ ಒಂದು ಗೇಮ್‌ಗೆ ಜನರ ಒಟ್ಟು ಅಭಿಪ್ರಾಯ ಏನು ಎಂಬ ಸಾಲು ಕಾಣಿಸುವುದಿಲ್ಲ. ದೊಡ್ಡ ಗೇಮ್ ಆ ಹತ್ತನ್ನು ನಿಮಿಷಗಳಲ್ಲಿ ದಾಟುತ್ತದೆ. ಪುಣೆಯಲ್ಲೋ ಬೆಂಗಳೂರಲ್ಲೋ ನಾಲ್ಕೈದು ಜನ ಸೇರಿ ಮಾಡಿದ ಗೇಮ್ ಆರರಲ್ಲೋ ಏಳರಲ್ಲೋ ನಿಂತಿರುತ್ತದೆ. ಆಡಿ ಇಷ್ಟವಾಗಿದ್ದರೆ ಏಳನೆಯದನ್ನೋ ಎಂಟನೆಯದನ್ನೋ ನೀವು ಬರೆಯಿರಿ. ಎರಡು ಸಾಲು ಸಾಕು.