ಕೃಪಾವರ ಅಂದರೆ ಏನು, ಅದು ಯಾರಿಗೆ?

“ಅವರಿಗೆ ವರ ಇದೆಯಂತೆ.” ನಮ್ಮ ಬಳ್ಳಾರಿ ಕಡೆ ಸಭೆಗೆ, ಅಂದರೆ ಚರ್ಚಿಗೆ, ಹೋಗುವವರ ಬಾಯಲ್ಲಿ ಈ ಮಾತು ಬಂದರೆ ಸಾಮಾನ್ಯವಾಗಿ ಅರ್ಥ ಇಷ್ಟೇ. ಅವರು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರೆ ಕಾಯಿಲೆ ವಾಸಿಯಾಗುತ್ತದೆ, ಇಲ್ಲಾಂದ್ರೆ ಅವರು ಅನ್ಯಭಾಷೆಯಲ್ಲಿ, ಅಂದರೆ ಪ್ರಾರ್ಥನೆಯ ಹೊತ್ತಲ್ಲಿ ತಾವು ಕಲಿಯದ ಭಾಷೆಯಲ್ಲಿ, ಮಾತಾಡುತ್ತಾರೆ. ಸಿಂಧನೂರು, ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ (ವಲಸೆ ಬಂದವರ ಊರುಗಳಲ್ಲಿ) ಉಜ್ಜೀವನ ಕೂಟ, ಅಂದರೆ ಭಕ್ತಿ ಹುರಿದುಂಬಿಸುವ ಪ್ರಾರ್ಥನಾ ಕೂಟ, ಇಟ್ಟಾಗ ಪೋಸ್ಟರ್ ಮೇಲೆ ದೊಡ್ಡದಾಗಿ ಕಾಣುವ ಫೋಟೊ ಕೂಡ ಅಂಥವರದ್ದೇ. ಬೈಬಲ್ ತೆಗೆದು ನೋಡಿದರೆ ಕೃಪಾವರದ ಪಟ್ಟಿ ಇದಕ್ಕಿಂತ ತುಂಬಾ ದೊಡ್ಡದು.

ಕೃಪಾವರ ಅಂದರೆ ಸಭೆಗೆ ಉಪಯೋಗವಾಗಲಿ ಅಂತ ಪವಿತ್ರಾತ್ಮನ (ದೇವರ ಆತ್ಮನ) ಮೂಲಕ ವಿಶ್ವಾಸಿಗೆ ಪುಕ್ಕಟೆಯಾಗಿ ಸಿಗುವ ಶಕ್ತಿ. ನಲವತ್ತು ದಿನ ಉಪವಾಸ ಮಾಡಿ ಗಳಿಸುವಂಥದ್ದಲ್ಲ. ಒಳ್ಳೆಯವರಾಗಿದ್ದಕ್ಕೆ ಕೊಡುವ ಬಹುಮಾನವೂ ಅಲ್ಲ. ಇದನ್ನು ಆತ್ಮನ ಫಲದ ಜೊತೆ ಕಲಸಿಬಿಡುವವರು ಜಾಸ್ತಿ. ಫಲ ಅಂದರೆ ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಬರುವ ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಮುಂತಾದವು. ಅವು ಗುಣಗಳು, ಎಲ್ಲರಲ್ಲೂ ಬೆಳೆಯಬೇಕಾದವು. ವರ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ. ಹಾಗಾಗಿ ಭಾರಿ ವರ ಇದ್ದವರು ಮನೆಯಲ್ಲಿ ಮಹಾ ಸಿಡುಕರಾಗಿರಲೂಬಹುದು, ಅದರಲ್ಲಿ ಆಶ್ಚರ್ಯ ಏನಿಲ್ಲ.

ಕೊರಿಂಥದ ಸಭೆಯನ್ನೇ ನೋಡಿ. ಕ್ರಿ.ಶ. 55ರ ಸುಮಾರಿಗೆ ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಎಫೆಸದಿಂದ ಅವರಿಗೆ ಪತ್ರ ಬರೆದ. ಅಲ್ಲಿ ವರಗಳಿಗೆ ಏನೂ ಕೊರತೆ ಇಲ್ಲ ಅಂತ ಅವನೇ ಶುರುವಿನಲ್ಲಿ ಹೇಳುತ್ತಾನೆ. ಜಗಳಕ್ಕೂ ಕೊರತೆ ಇರಲಿಲ್ಲ. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಊಟಕ್ಕೆ, ಸೇರಿದಾಗ ಕೆಲವರು ಮೊದಲೇ ಉಂಡು ಕುಡಿದು ಅಮಲೇರಿಸಿಕೊಳ್ಳುತ್ತಿದ್ದರು, ಏನೂ ಇಲ್ಲದವರು ಹಸಿದುಕೊಂಡು ಕೂರುತ್ತಿದ್ದರು. 11ನೇ ಅಧ್ಯಾಯದಲ್ಲಿ ಪೌಲ ಅದಕ್ಕೆ ಚೆನ್ನಾಗಿ ಬೈದು, 12ನೇ ಅಧ್ಯಾಯದಲ್ಲಿ ವರಗಳ ಮಾತು ಎತ್ತುತ್ತಾನೆ. ಇವೆರಡನ್ನೂ ಬಿಡಿಸಿ ಓದಬಾರದು ಅನ್ನೋದು ನನ್ನ ಅನಿಸಿಕೆ. ಊಟದಲ್ಲಿ ಪಂಕ್ತಿಭೇದ ಮಾಡುವ ಜನ ಪ್ರಾರ್ಥನೆಯಲ್ಲಿ ಸುಮ್ನೆ ಇರುತ್ತಾರಾ?

12ನೇ ಅಧ್ಯಾಯದ ಮೊದಲ ಪಟ್ಟಿಯಲ್ಲಿ ಒಂಬತ್ತು ವರಗಳಿವೆ. ವಾಸಿಮಾಡುವುದು, ಅದ್ಭುತ, ಪ್ರವಾದನೆ (ದೇವರ ಪ್ರೇರಣೆಯಿಂದ ಮಾತಾಡುವುದು), ಅನ್ಯಭಾಷೆ, ಅದರ ಅರ್ಥ ಹೇಳುವುದು, ಹೀಗೆ. ಪೋಸ್ಟರಿನವರು ಇಲ್ಲಿಗೇ ನಿಲ್ಲುತ್ತಾರೆ. ಅದೇ ಅಧ್ಯಾಯದ 28ನೇ ವಚನಕ್ಕೆ ಬಂದರೆ ವಾಸಿಮಾಡುವ ವರಕ್ಕೂ ಅನ್ಯಭಾಷೆಗೂ ನಡುವೆ ಇನ್ನೆರಡು ಕೂತಿವೆ: ಸಹಾಯ ಮಾಡುವುದು, ಕೆಲಸಗಳನ್ನು ನಿರ್ವಹಿಸುವುದು. ರೋಮಾಪುರದವರಿಗೆ ಬರೆದ ಪತ್ರದ ಪಟ್ಟಿಯೇ ಬೇರೆ. ಅಲ್ಲಿ ಸೇವೆ, ಬೋಧನೆ, ಧೈರ್ಯ ಹೇಳುವುದು, ದಾನ, ಮುಂದಾಳತನ, ಕರುಣೆ ಇವೆ, ಅನ್ಯಭಾಷೆ ಇಲ್ಲವೇ ಇಲ್ಲ. ಅಂದರೆ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಮನೆಯವರ ಅತ್ತೆಗೆ ರಾತ್ರಿಯಿಡೀ ಜೊತೆಗಿದ್ದು ಬರುವ ಹೆಂಗಸು, ಸಭೆಯ ಕಾಣಿಕೆ ಲೆಕ್ಕವನ್ನು ಪೈಸೆ ಬಿಡದೆ ಬರೆದಿಡುವ ಮನುಷ್ಯ, ಇವರಿಗೂ ವರ ಇದೆ. ಇವರನ್ನು ಯಾರೂ ಹಾಗೆ ಕರೆಯುವುದಿಲ್ಲ, ಅಷ್ಟೇ.

ಅನ್ಯಭಾಷೆ ಬಾರದವರಿಗೆ ಪವಿತ್ರಾತ್ಮ ಇಲ್ಲ ಅಂತ ಹೆದರಿಸುವುದೂ ಉಂಟು. ಎಲ್ಲರೂ ಅನ್ಯಭಾಷೆ ಆಡುತ್ತಾರೋ ಅಂತ ಪೌಲ ಕೇಳುವ ಧಾಟಿಯಲ್ಲೇ ಇಲ್ಲ ಅನ್ನೋ ಉತ್ತರ ಇದೆ. ಆತ್ಮಾಭಿಷೇಕದ (ಪವಿತ್ರಾತ್ಮ ತುಂಬಿದ್ದರ) ಗುರುತಾಗಿ ಬರುವ ಅನ್ಯಭಾಷೆ ಬೇರೆ, ವರವಾಗಿ ಸಿಗುವ ಅನ್ಯಭಾಷೆ ಬೇರೆ ಅಂತ ಅನೇಕ ಪೆಂತೆಕೊಸ್ತ ಸಭೆಯವರು ಇದಕ್ಕೆ ವಾದ ಹೇಳುತ್ತಾರೆ.

ಇನ್ನು ಸಮಾನತೆ. ಎಲ್ಲರಿಗೂ ವರ ಇದೆ ಅಂದರೆ ಎಲ್ಲರೂ ಒಂದೇ ಕೆಲಸ ಮಾಡಬೇಕು ಅಂತ ಅರ್ಥವಲ್ಲ. ಮೊದಲು ಅಪೊಸ್ತಲರು (ಸಭೆಯ ಮೊದಲ ಮುಖಂಡರು), ಎರಡನೆಯದಾಗಿ ಪ್ರವಾದಿಗಳು, ಮೂರನೆಯದಾಗಿ ಬೋಧಕರು ಅಂತ ಪೌಲನೇ ಎಣಿಸುತ್ತಾನೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಅದೇ ಪತ್ರದ 14ನೇ ಅಧ್ಯಾಯದಲ್ಲಿ ಪ್ರವಾದನೆ ಹೇಳುವವರು ಇಬ್ಬರೋ ಮೂವರೋ ಮಾತಾಡಲಿ, ಉಳಿದವರು ಅದನ್ನು ವಿವೇಚಿಸಲಿ ಅಂತಲೂ ಇದೆ. ನನಗೆ ಮುಖ್ಯ ಅನಿಸುವುದು ಈ ಮಾತು. ತೂಗಿ ನೋಡುವ ಹಕ್ಕು ಕೇಳುವವರಿಗೂ ಇದೆ. “ಅಭಿಷಿಕ್ತರನ್ನು (ದೇವರು ಆರಿಸಿಕೊಂಡವರನ್ನು) ಮುಟ್ಟಬೇಡಿ” ಅಂತ ಕೀರ್ತನೆ 105ನ್ನು ತೋರಿಸಿ ಬಾಯಿ ಮುಚ್ಚಿಸುತ್ತಾರಲ್ಲ, ಆ ಕೀರ್ತನೆ ಹೇಳುತ್ತಿರುವುದು ಅಬ್ರಹಾಮ, ಇಸಾಕ, ಯಾಕೋಬರಿಗೆ ರಾಜರು ಕೇಡು ಮಾಡಬಾರದು ಅಂತ. ಬೋಧನೆಯ ಬಗ್ಗೆ ಪ್ರಶ್ನೆ ಕೇಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ತೂಗಿ ನೋಡಬೇಕಾದರೆ ಪುಸ್ತಕ ಕೈಯಲ್ಲಿರಬೇಕು. ಆ ವಿಷಯದಲ್ಲಿ ಬಳ್ಳಾರಿಗೆ ಒಂದು ಹೆಮ್ಮೆ ಇದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಕನ್ನಡಕ್ಕೆ ತರತೊಡಗಿದ ಬೈಬಲ್ 1831ರ ಹೊತ್ತಿಗೆ ಪೂರ್ತಿಯಾಯಿತು. ವಿಶ್ವಾಸಿಗಳೆಲ್ಲರೂ ಯಾಜಕರೇ (ಪುರೋಹಿತರೇ) ಅಂತ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಬರೆದದ್ದು ಪ್ರೊಟೆಸ್ಟೆಂಟರಿಗೆ ಗೊತ್ತಿರುವ ಮಾತು. ಕಥೋಲಿಕರ ಎರಡನೇ ವ್ಯಾಟಿಕನ್ ಮಹಾಸಭೆ ಕೂಡ 1964ರಲ್ಲಿ, ಪವಿತ್ರಾತ್ಮ ಎಲ್ಲ ದರ್ಜೆಯ ವಿಶ್ವಾಸಿಗಳಿಗೂ ವರ ಹಂಚುತ್ತಾನೆ ಅಂತ ಬರೆದಿಟ್ಟಿತು.

ಹೆಂಗಸರ ವಿಷಯಕ್ಕೆ ಬಂದರೆ ಇನ್ನೂ ಒಮ್ಮತವಿಲ್ಲ. ನಿಮ್ಮ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರವಾದಿಸುವರು ಅಂತ ಯೇಸುವಿನ ಶಿಷ್ಯ ಪೇತ್ರ, ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪೆಂತೆಕೊಸ್ತ ಹಬ್ಬದ ದಿನ, ಹಳೆಯ ಪ್ರವಾದಿ ಯೋವೇಲನ ಮಾತು ಎತ್ತಿ ಹೇಳಿದ. ಕೊರಿಂಥದಲ್ಲಿ ಹೆಂಗಸರು ಪ್ರವಾದನೆ ಹೇಳುತ್ತಿದ್ದದ್ದು 11ನೇ ಅಧ್ಯಾಯದಿಂದ ಗೊತ್ತಾಗುತ್ತದೆ, ಆದರೆ 14ರಲ್ಲಿ ಸಭೆಯಲ್ಲಿ ಸುಮ್ಮನಿರಲಿ ಅನ್ನುವ ಮಾತೂ ಇದೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್ ಸಭೆಗಳು ಹೆಂಗಸರಿಗೂ ಪಾದ್ರಿ ದೀಕ್ಷೆ ಕೊಡುತ್ತವೆ, ಕಥೋಲಿಕರು ಕೊಡುವುದಿಲ್ಲ. ಜಾತಿಯ ಮಾತು ಬೇರೆಯೇ ಇದೆ. ಒಂದೇ ರೊಟ್ಟಿ ಮುರಿದು ತಿಂದವರು ಮದುವೆ ಸಂಬಂಧ ಬಂದಾಗ ಕುಲ ಕೇಳುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ?

ಕೊನೆಯದಾಗಿ ದುಡ್ಡು. ಸಮಾರ್ಯದಲ್ಲಿ ಸೀಮೋನ ಅಂತ ಒಬ್ಬ ಮಂತ್ರವಾದಿ ಇದ್ದ. ಅಪೊಸ್ತಲರು ಕೈಯಿಟ್ಟರೆ ಪವಿತ್ರಾತ್ಮ ಬರುವುದನ್ನು ನೋಡಿ, ಈ ಅಧಿಕಾರ ನನಗೂ ಕೊಡಿ ಅಂತ ಹಣ ಮುಂದಿಟ್ಟ. ನಿನ್ನ ಬೆಳ್ಳಿ ನಿನ್ನ ಜೊತೆಗೇ ಹಾಳಾಗಲಿ ಅಂತ ಪೇತ್ರ ಅವನಿಗೆ ಗದರಿದ. ಪವಿತ್ರವಾದದ್ದನ್ನು ಮಾರುವ, ಕೊಳ್ಳುವ ಅಪರಾಧಕ್ಕೆ ಚರ್ಚಿನ ಕಾನೂನು ಆ ಸೀಮೋನನ ಹೆಸರನ್ನೇ ಇಟ್ಟಿದೆ.