ಕೃಪೆಯೇ ಬೇರೆ, ಕೃಪಾಂಕವೇ ಬೇರೆ

ಮೊನ್ನೆ ಭಾನುವಾರ ಶಿವಮೊಗ್ಗದ ಚರ್ಚಿನಲ್ಲಿ ಆರಾಧನೆ ಮುಗಿಸಿ ಹೊರಗೆ ಚಹಾ ಕುಡಿಯುತ್ತಿದ್ದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೇಳಿದರು: "ನಮ್ಮ ಪ್ರಯತ್ನ ನಾವು ಮಾಡ್ಬೇಕು ಸರ್. ಕಮ್ಮಿ ಬಿದ್ದಿದ್ದನ್ನ ದೇವರ ಕೃಪೆ ತುಂಬಿಸುತ್ತೆ." ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ನನ್ನ ಬಾಯಲ್ಲಿ ಬನ್ ಇತ್ತು, ಹಾಗಾಗಿ ಸುಮ್ನಿದ್ದೆ. ಆದರೆ ಇದೇ ಮಾತನ್ನು ಎಷ್ಟು ಸಲ ಅಂತ ಕೇಳುವುದು? ವಾಟ್ಸಾಪಿನಲ್ಲಿ ಬಂತು, ಪ್ರಾರ್ಥನಾ ಕೂಟದಲ್ಲಿ ಬಂತು, ಈಗ ಚಹಾದ ಜೊತೆಗೂ ಬಂತು.

ಅವರು ಹೇಳಿದ್ದು ಕೃಪಾಂಕದ ಲೆಕ್ಕ. ಮೂವತ್ತೈದು ಬೇಕಿತ್ತು, ಮೂವತ್ತೆರಡು ಬಂತು, ಮೇಲಿನವರು ಮೂರು ಸೇರಿಸಿದರು, ಹುಡುಗ ಪಾಸು. 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಾಗ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ್ದರಲ್ಲ, ಆವಾಗಿನಿಂದ ಈ ಪದ ಎಲ್ಲರ ಬಾಯಲ್ಲೂ ಇದೆ. ಪರೀಕ್ಷೆಗೆ ಅದು ಸರಿಯಾದ ಪದವೇ. ಆದರೆ ಕೃಪಾಂಕಕ್ಕೆ ಒಂದು ಗುಣವಿದೆ: ಗೆರೆಯ ಹತ್ತಿರ ಬಂದವನಿಗೆ ಮಾತ್ರ ಅದು ಸಿಗುತ್ತದೆ. ಖಾಲಿ ಹಾಳೆ ಕೊಟ್ಟವನಿಗೆ ಇಲ್ಲ. ಬೈಬಲ್ಲಿನ ಕೃಪೆಯ ಕಥೆಗಳಲ್ಲಿ ಬರುವವರೋ ಬಹುಪಾಲು ಖಾಲಿ ಹಾಳೆಯವರೇ. ಮುಂದೆ ಯೇಸುವಿನ ಅಪೊಸ್ತಲನಾದ ಪೌಲನನ್ನೇ ನೋಡಿ. ಮೊದಲು ಕ್ರೈಸ್ತರನ್ನು ಹಿಂಸಿಸಲು ದಮಸ್ಕದ ದಾರಿ ಹಿಡಿದಿದ್ದವನು. ಅವನಿಗೆ ಯಾವ ಮೂವತ್ತೆರಡು ಬಂದಿತ್ತು?

'ಶುರು ನಮ್ಮದು, ಉಳಿದದ್ದು ದೇವರದು' ಎಂಬ ವಾದ ಹೊಸದೇನೂ ಅಲ್ಲ. ಕ್ರಿ.ಶ. 529ರಲ್ಲಿ ಈಗಿನ ಫ್ರಾನ್ಸಿನ ಒರಾಂಜ್ ಪಟ್ಟಣದಲ್ಲಿ ಬಿಷಪರು ಸಭೆ ಸೇರಿ ಇದನ್ನೇ ಚರ್ಚಿಸಿ ತಳ್ಳಿಹಾಕಿದರು. ನಂಬಬೇಕು ಅಂತ ಮನಸ್ಸು ಮೊದಲು ಹೊರಳುತ್ತದಲ್ಲ, ಅದೂ ಕೃಪೆಯೇ ಎಂದರು. ಸುಮಾರು ಒಂದೂವರೆ ಸಾವಿರ ವರ್ಷ ಆಯ್ತು. ನಾವು ಇನ್ನೂ ಚಹಾ ಕುಡಿಯುತ್ತಾ ಹಳೇ ಲೆಕ್ಕವನ್ನೇ ಹೇಳುತ್ತಿದ್ದೇವೆ.

ಇನ್ನು ಪದಕ್ಕೆ ಬರೋಣ. ನನಗೆ ಮಜಾ ಕೊಡುವುದು ಇದೇ.

ಸಂಸ್ಕೃತದ 'ಕೃಪ್' ಧಾತುವಿನ ಅರ್ಥ ಮರುಗು, ಗೋಳಾಡು. ಅದರಿಂದ ಕೃಪೆ ಬಂತು. ಅದೇ ಬೇರಿನಿಂದ 'ಕೃಪಣ' ಎಂಬ ಪದವೂ ಬಂತು! ಮೊದಲು ಕೃಪಣ ಎಂದರೆ ಅಯ್ಯೋ ಅನ್ನಿಸುವ ಸ್ಥಿತಿಯವನು. ಆಮೇಲೆ ಜಿಪುಣ. ಕೈ ಬಿಚ್ಚಿ ಕೊಡುವ ಗುಣಕ್ಕೂ ಬಿಚ್ಚದವನಿಗೂ ಒಂದೇ ತಾಯಿಬೇರು. ಮಹಾಭಾರತದ ಕೃಪಾಚಾರ್ಯನ ಹೆಸರೂ ಹೀಗೇ ಬಂದದ್ದು. ಕಾಡಿನಲ್ಲಿ ಬಿದ್ದಿದ್ದ ಎರಡು ಕೂಸುಗಳನ್ನು ಶಂತನು ಮರುಕದಿಂದ ಎತ್ತಿ ತಂದು ಸಾಕಿದ. ಹಾಗಾಗಿ ಒಂದು ಕೃಪ, ಇನ್ನೊಂದು ಕೃಪಿ. ಆ ಕೂಸುಗಳು ಅರ್ಧ ದಾರಿ ನಡೆದು ಬಂದಿರಲಿಲ್ಲ ಎಂಬುದನ್ನು ಗಮನಿಸಿ.

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಕೃಪೆಗೆ ಇರುವ ಗ್ರೀಕ್ ಮೂಲಪದ 'ಖಾರಿಸ್'. (ಖಾರಕ್ಕೂ ಇದಕ್ಕೂ ಸಂಬಂಧವಿಲ್ಲ.) ಅದರಲ್ಲಿ ಅಳು ಇಲ್ಲ. ಸಂತೋಷಪಡು ಎಂಬ ಅರ್ಥದ ಪದದ ನಂಟು ಅದಕ್ಕೆ. ಚೆಲುವು, ಮೆಚ್ಚುಗೆ, ಉಡುಗೊರೆ, ಕೃತಜ್ಞತೆ ಎಲ್ಲವೂ ಅದರಲ್ಲಿ ಸೇರಿವೆ. ಪ್ರೊಟೆಸ್ಟೆಂಟರ ಕನ್ನಡ ಬೈಬಲ್ಲು ಅದಕ್ಕೆ ಹೆಚ್ಚಾಗಿ 'ಕೃಪೆ' ಎಂದು ಬರೆಯಿತು. ಕಥೋಲಿಕರು ಪ್ರಾರ್ಥನೆಯಲ್ಲಿ 'ವರಪ್ರಸಾದ' ಎನ್ನುತ್ತಾರೆ. ಪ್ರಸಾದವೂ ಪ್ರಸನ್ನವೂ ಒಂದೇ ಮನೆಯ ಪದಗಳು. ಒಂದು ಪದದಲ್ಲಿ ಮರುಗುವ ಮುಖ, ಇನ್ನೊಂದರಲ್ಲಿ ನಗುವ ಮುಖ. ನಾನು ಕೃಪೆಯ ಕಡೆಯವನಾದರೂ ಒಪ್ಪುತ್ತೇನೆ, ಗ್ರೀಕಿಗೆ ಹತ್ತಿರ ಇರುವುದು ಪ್ರಸಾದವೇ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ ಹೆಸರಾದ ಯೂಖರಿಸ್ತ್ ಎಂಬ ಪದದೊಳಗೂ ಖಾರಿಸ್ ಕೂತಿದೆ. ಕನ್ನಡದಲ್ಲಿ ಅದು 'ಪರಮಪ್ರಸಾದ'. ಅಲ್ಲಿಗೆ ಜೋಡಿ ಸರಿಹೋಯಿತಲ್ವಾ?

ಮರುಕದ ಬೇರಿನಿಂದಾಗಿಯೇ ನಮ್ಮಲ್ಲಿ ಕೃಪೆಯೂ ಕರುಣೆಯೂ ಒಂದೇ ಅನ್ನಿಸಿಬಿಡುತ್ತವೆ. ಒಂದಲ್ಲ. ಇಬ್ರಿಯರಿಗೆ ಬರೆದ ಪತ್ರದ 4:16ರಲ್ಲಿ ಎರಡೂ ಪಕ್ಕಪಕ್ಕ ಬರುತ್ತವೆ. ತಿಮೊಥೆಯನಿಗೆ ಬರೆದ ಪತ್ರದ ಶುರುವಿನಲ್ಲಿ ಪೌಲ ಕೃಪೆ, ಕನಿಕರ, ಶಾಂತಿ ಅಂತ ಮೂರನ್ನೂ ಬೇರೆ ಬೇರೆ ಹಾರೈಸುತ್ತಾನೆ. ಸಾಲ ಮನ್ನಾ ಮಾಡಿದರೆ ಕರುಣೆ. ಮನ್ನಾ ಮಾಡಿ, ಅವನನ್ನೇ ತೋಟದ ಪಾಲುದಾರ ಮಾಡಿಕೊಂಡರೆ ಕೃಪೆ.

ಇದರ ಉಲ್ಟಾ ತಪ್ಪೂ ಇದೆ. "ಎಲ್ಲಾ ಕೃಪೆ ಅಂದ್ಮೇಲೆ ನಾನ್ಯಾಕೆ ಒದ್ದಾಡ್ಲಿ?" ರೋಮಾಪುರದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲೇ ಇದಕ್ಕೆ ಉತ್ತರ ಇದೆ: ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವೇ? ಖಂಡಿತ ಕೂಡದು. ನಾನು ಬೇರೆ ಹೇಳಬೇಕಾಗಿಲ್ಲ. ಪೇತ್ರನ ಎರಡನೇ ಪತ್ರ ಮುಗಿಯುವುದೇ 'ಕೃಪೆಯಲ್ಲಿ ಬೆಳೆಯಿರಿ' ಎಂಬ ಅರ್ಥದ ಮಾತಿನಿಂದ. ಕೃಪೆಯಿಂದ ಪಾಸಾಗಿ ಅನ್ನಲಿಲ್ಲ, ಅದರಲ್ಲಿ ಬೆಳೆಯಿರಿ ಅಂದ. ಪೌಲನೂ ಕೊರಿಂಥದವರಿಗೆ ಬರೆಯುತ್ತಾನೆ: ನಾನು ಏನಾಗಿದ್ದೇನೋ ಅದು ದೇವರ ಕೃಪೆಯಿಂದ. ಎಲ್ಲರಿಗಿಂತ ಜಾಸ್ತಿ ದುಡಿದೆ, ಆದರೆ ದುಡಿದದ್ದು ನಾನಲ್ಲ, ನನ್ನ ಜೊತೆಗಿದ್ದ ಕೃಪೆ. ಇಲ್ಲಿ ಅವನದಿಷ್ಟು, ದೇವರದಿಷ್ಟು ಅಂತ ಪಾಲು ಹಾಕಲು ಆಗುವುದೇ ಇಲ್ಲ.

ಇದಕ್ಕೆ ಒಪ್ಪುವ ಕನ್ನಡ ಪದ ಚರ್ಚಿನಲ್ಲಿ ಸಿಗದೆ, ತೀರ್ಥಹಳ್ಳಿ, ಹೊಸನಗರದ ಕಡೆ ಗೋಡೆಗೆ ಅಂಟಿಸುವ ಯಕ್ಷಗಾನದ ಪೋಸ್ಟರಿನಲ್ಲಿ ನನಗೆ ಸಿಕ್ಕಿತು: 'ಕೃಪಾಪೋಷಿತ'. ಇಂಥ ದೇವರ ಕೃಪಾಪೋಷಿತ ಮೇಳ. ಕೃಪೆಯಿಂದ ಸಾಕಲ್ಪಟ್ಟದ್ದು, ಅದನ್ನೇ ಉಂಡು ಬೆಳೆದದ್ದು. ಮೇಳದವರು ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ ಬೆಳಗಿನ ಜಾವದವರೆಗೆ ಬೆವರು ಸುರಿಸಿ ಕುಣಿಯುತ್ತಾರೆ. ಆದರೂ ಪೋಸ್ಟರಿನ ಮೇಲ್ಗಡೆ ಮೊದಲು ಅಚ್ಚಾಗುವುದು ಆ ಮಾತೇ. ಭಾಗವತರ ಹೆಸರು ಕೆಳಗೆ.

'ಕೃಪಾಂಕಪೋಷಿತ' ಅಂತ ಹಾಕಿಸಿದ ಮೇಳವನ್ನು ನಾನಂತೂ ಇದುವರೆಗೆ ನೋಡಿಲ್ಲ.